ಒಂದು ಅಡಿಗೆ ಒಂದು ಅಂಗುಲ

ಇಂದಿನ ಮಾತು ಒಂದು ಪುಟ್ಟ ಕಾರನ್ನು ಕುರಿತದ್ದು. ಮೇಜಿನ ಮೇಲಿರುವ ಈ ಕಾರಿನ ಉದ್ದ ಹನ್ನೆರಡೂ ಮುಕ್ಕಾಲು ಅಂಗುಲ, ಅಗಲ ಐದು ಅಂಗುಲ. ಇದಕ್ಕೆ ಮೇಲ್ಛಾವಣಿ ಇಲ್ಲ. ಎರಡೇ ಆಸನ. ನೋಡಿದ ಮಕ್ಕಳೆಲ್ಲ ಇದನ್ನು ಆಟಿಕೆ ಎಂದೇ ಕರೆದಿದ್ದಾರೆ. ಆದರೆ ಆಟಿಕೆಗೂ ಮಾದರಿಗೂ ಒಂದು ವ್ಯತ್ಯಾಸವುಂಟು. ಆಟಿಕೆ ಯಾವುದಾದರೊಂದು ಕಾರಿನಂತೆ ಕಂಡರೆ ಸಾಕು. ಮಾದರಿ ಇಂಥದೇ ಒಂದು ಕಾರಿನಂತೆ ಇರಬೇಕು. ಆ ಕಾರನ್ನು ಬಲ್ಲವರು ಇದನ್ನು ಕಂಡೊಡನೆ, 'ಓ, ಇದು ಅದೇ' ಎನ್ನಬೇಕು.

ಈ ಮಾದರಿಯ ಮೂಲ ಕಾರು ನಮ್ಮ ವರದಮೂಲದ ಕಡೆಯದು. ಸಾಗರದ ಹತ್ತಿರ, ಇಕ್ಕೇರಿಗೆ ಸಮೀಪದಲ್ಲಿ, ವರದಾ ನದಿ ಹುಟ್ಟುವ ಊರು ಅದು. ಅಲ್ಲಿಯ ಒಬ್ಬ ಹಿರಿಯ ಅಡಿಕೆ ಬೆಳೆಗಾರರ ಬಳಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಅವರದನ್ನು ತಮ್ಮ ಮನಸ್ಸಿಗೆ ಬಂದಂತೆ ಬದಲಾಯಿಸಿಕೊಂಡು ಕ್ರೀಡಾ ಕಾರನ್ನಾಗಿ ಮಾಡಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಕಾರು ಹಲವು ವರ್ಷ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿತ್ತು. 2022ರ ಬೇಸಗೆಯಲ್ಲಿ ಮನೆಯವರು ಅದನ್ನು ಗುಜರಿಗೆ ಕೊಡಲು ನಿಶ್ಚಯಿಸಿದರು. ಅದಕ್ಕೆ ಮುಂಚೆ ಅಳತೆ ತೆಗೆದುಕೊಳ್ಳಲು ನನಗೆ ಎರಡು ವಾರ ಅವಕಾಶ ಸಿಕ್ಕಿತು.

ಹೆರಾಲ್ಡ್ ಕಾರನ್ನು ಇಂದಿನ ಕಿರಿಯರು ನೋಡಿರಲಾರರು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಅದು ಬಂತು. ರೂಪ ಕೊಟ್ಟವರು ಇಟಲಿಯ ವಿನ್ಯಾಸಕಾರ ಜೊವಾನಿ ಮೈಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ನಮ್ಮಲ್ಲಿ ತಯಾರಿಸಿತು. ಅಂದಿನ ರಸ್ತೆಗಳಲ್ಲಿ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ಜೊತೆಗೆ ಓಡುತ್ತಿದ್ದ ಮೂರನೆಯದು ಇದು.

ಆದರೆ ಒಳಗಿನ ರಚನೆಯಲ್ಲಿ ಹೆರಾಲ್ಡ್ ಆ ಎರಡಕ್ಕಿಂತ ಬೇರೆ. ಅಂಬಾಸಿಡರಿನಲ್ಲಿ ಕಾರಿನ ಮೈಯೇ ಭಾರ ಹೊರುತ್ತದೆ. ನೆಲ, ಗೋಡೆ, ಛಾವಣಿ ಎಲ್ಲ ಸೇರಿ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ಕತ್ತರಿಸಿದರೆ ಅದು ತಿರುಚಿಕೊಳ್ಳುತ್ತದೆ. ಹೆರಾಲ್ಡಿನಲ್ಲಿ ಕೆಳಗೆ ಪ್ರತ್ಯೇಕವಾದ ಉಕ್ಕಿನ ಚಾಸಿ ಇದೆ. ಮೈಯ ಭಾಗಗಳನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಛಾವಣಿಯೂ ಬೋಲ್ಟಿನದೇ. ಹಾಗಾಗಿ ಛಾವಣಿ ತೆಗೆದರೂ ಕಾರು ನಿಲ್ಲುತ್ತದೆ. ಇಂಗ್ಲೆಂಡಿನ ಕಾರ್ಖಾನೆಯೇ ಛಾವಣಿ ಮಡಚುವ ಹೆರಾಲ್ಡನ್ನೂ ಮಾರುತ್ತಿತ್ತು. ಹೆರಾಲ್ಡಿನ ಗಾಲಿಗಳ ನಡುವಣ ಅಂತರ ತೊಂಬತ್ತೊಂದೂವರೆ ಅಂಗುಲ. ಈ ಚಾಸಿಯನ್ನೇ ಆಧರಿಸಿ, ಆ ಅಂತರವನ್ನು 83 ಅಂಗುಲಕ್ಕೆ ಇಳಿಸಿ 1962ರಲ್ಲಿ ಹೊರತಂದದ್ದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಕ್ರೀಡಾ ಕಾರು. ಅದರ ವಿನ್ಯಾಸವೂ ಮೈಕೆಲೊಟ್ಟಿಯವರದೇ.

ಸ್ಪಿಟ್‌ಫೈರ್ ನಮ್ಮ ದೇಶದಲ್ಲಿ ತಯಾರಾಗಲಿಲ್ಲ. ಹೊರಗಿನಿಂದ ತರಿಸುವುದು ಆ ಕಾಲದಲ್ಲಿ ಸಾಮಾನ್ಯರಿಗೆ ಎಟುಕದ ಮಾತು. ಕ್ರೀಡಾ ಕಾರಿನ ಆಸೆಯಿದ್ದು ಹೆರಾಲ್ಡ್ ಕೈಯಲ್ಲಿದ್ದವರು ಅದರ ಛಾವಣಿ ತೆಗೆಸಿಕೊಂಡರು. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಗಾಳಿಗಾಜಿನ ಎತ್ತರವನ್ನು ನಾಲ್ಕು ಅಂಗುಲ ತಗ್ಗಿಸಿದರು. ಹಿಂದಿನ ಆಸನ ತೆಗೆಸಿ ಅದರ ಮೇಲೆ ತಗಡು ಮುಚ್ಚಿಸಿದರು. ಹಿಂಬದಿಯನ್ನು ಟಿಂಕರಿಂಗ್ ಕೆಲಸದವರಿಂದ ಸುತ್ತಿಗೆಯಲ್ಲೇ ಬಡಿಸಿ, ಇಳಿಜಾರಾಗಿ ದುಂಡಗೆ ಮಾಡಿಸಿದರು. ಯಾವ ನಕ್ಷೆಯೂ ಇರಲಿಲ್ಲ. ಹಿರಿಯರು ಪಕ್ಕದಲ್ಲಿ ನಿಂತು ಕೈಯಲ್ಲಿ ಹೀಗೆ, ಹೀಗೆ ಎಂದು ತೋರಿಸುತ್ತಿದ್ದರಂತೆ.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಕಾರ್ಖಾನೆಯಿಂದ ಬಂದ ಕಾರಿಗೆ ನಕ್ಷೆಗಳಿರುತ್ತವೆ, ಕೈಪಿಡಿಗಳಿರುತ್ತವೆ, ಅದರಂಥವೇ ಸಾವಿರಾರು ಕಾರುಗಳಿರುತ್ತವೆ. ಒಂದು ಹಾಳಾದರೆ ಇನ್ನೊಂದನ್ನು ನೋಡಿ ತಿಳಿಯಬಹುದು. ಆದರೆ ಒಬ್ಬರು ತಮಗಾಗಿ ಬದಲಾಯಿಸಿಕೊಂಡ ಕಾರಿಗೆ ಅದರ ಮೈಯೊಂದೇ ನಕ್ಷೆ. ಅದು ಹೋದರೆ ಎಲ್ಲವೂ ಹೋದಂತೆ.

ಇಂಥ ಕಾರುಗಳಿಗೆ ಕಾನೂನಿನ ಆಸರೆಯೂ ಇಲ್ಲ. ಕೇಂದ್ರ ಸರಕಾರ 2021ರಲ್ಲಿ ಹಳೆಯ ವಾಹನಗಳಿಗಾಗಿ ವಿಶೇಷ ನಿಯಮ ತಂದಿತು. ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆ, ಬೇರೆ ನೋಂದಣಿ ಸಂಖ್ಯೆ ಕೊಡುತ್ತಾರೆ. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಕೂಡದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿಯಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಜೋಪಾನ ಮಾಡಿಟ್ಟಿರುವುದನ್ನು ತಮ್ಮಲ್ಲಿ ಅನೇಕರು ನೋಡಿರುತ್ತೀರಿ. ಮೂಲ ರೂಪದ ಕಾರಿಗೆ ಹಾಗೆ ಒಂದು ನೆಲೆ ಸಿಗಬಹುದು. ಬದಲಾಯಿಸಿದ ಹೆರಾಲ್ಡಿಗೆ ರಸ್ತೆಯಲ್ಲೂ ಜಾಗವಿಲ್ಲ, ಪಟ್ಟಿಯಲ್ಲೂ ಜಾಗವಿಲ್ಲ. ಮೇಜಿನ ಮೇಲೆ ಒಂದಡಿ ಜಾಗ ಕೊಡಬಹುದು. ಅದನ್ನು ಮಾಡುವ ಬಗೆ ಹೇಗೆ?

ಮೊದಲ ಕೆಲಸ ಅಳತೆ. ಕೊಟ್ಟಿಗೆಯಲ್ಲಿದ್ದ ಕಾರಿನ ಟೈರುಗಳಲ್ಲಿ ಗಾಳಿ ಇರಲಿಲ್ಲ. ಹಾಗೆಯೇ ಅಳೆದರೆ ಎತ್ತರದ ಲೆಕ್ಕವೆಲ್ಲ ಏರುಪೇರು. ಆದ್ದರಿಂದ ಚಾಸಿಯ ಕೆಳಗೆ ಮರದ ದಿಮ್ಮಿ ಕೊಟ್ಟು, ಗಾರೆ ಕೆಲಸದವರು ಮಾಡುವಂತೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಮೂಲೆಗಳ ಮಟ್ಟ ಹಿಡಿದೆವು. ಕಾರಿನ ನಡುಮಧ್ಯಕ್ಕೆ ಒಂದು ದಾರ ಕಟ್ಟಿದೆವು. ಆ ದಾರದಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ತೂಗುಗುಂಡು ಇಳಿಬಿಟ್ಟು ಅಳೆದೆವು. ಎರಡು ಬದಿಯೂ ಒಂದೇ ಎಂದು ಭಾವಿಸಿ ಒಂದೇ ಬದಿ ಅಳೆಯಬಾರದು. ಯಂತ್ರ ಮಾಡಿದ್ದು ಎರಡು ಬದಿಯೂ ಒಂದೇ ಇರಬಹುದು, ಸುತ್ತಿಗೆ ಮಾಡಿದ್ದು ಇರುವುದಿಲ್ಲ.

ದುಂಡಗಿನ ಹಿಂಬದಿಯ ಬಾಗು ಹಿಡಿಯಲು ನಮಗೆ ನೆರವಾದದ್ದು ಅಡಿಕೆ ದಬ್ಬೆ. ತೆಳ್ಳಗೆ ಸೀಳಿ ಹದಗೊಳಿಸಿದ ದಬ್ಬೆಯನ್ನು ತಗಡಿನ ಮೇಲೆ ಒತ್ತಿ ಹಿಡಿದರೆ ಅದು ಮುರಿಯದೆ, ಮೂಲೆ ಬೀಳದೆ, ನಯವಾಗಿ ಬಾಗುತ್ತದೆ. ಆ ಬಾಗನ್ನು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಬಹುದು. ಹಡಗಿನ ನಕ್ಷೆ ಬರೆಯುವವರು ಹಿಂದೆ ಬಾಗುವ ಮರದ ಪಟ್ಟಿಗಳನ್ನು ಬಳಸುತ್ತಿದ್ದದ್ದೂ ಇದೇ ತತ್ತ್ವದ ಮೇಲೆ.

ಛಾಯಾಚಿತ್ರಗಳೂ ಬೇಕು. ಇಲ್ಲಿ ನನ್ನ ವೃತ್ತಿಯ ಅನುಭವ ಉಪಯೋಗಕ್ಕೆ ಬಂತು. ಹತ್ತಿರ ನಿಂತು ಚಿತ್ರ ತೆಗೆದರೆ ಮುಂದಿನ ದೀಪ ದೊಡ್ಡದಾಗಿ, ಹಿಂದಿನ ಗಾಲಿ ಚಿಕ್ಕದಾಗಿ ಕಾಣುತ್ತದೆ. ಸಾಧ್ಯವಾದಷ್ಟು ದೂರ ಹೋಗಿ, ದೂರದ ಮಸೂರ ಹಾಕಿ ತೆಗೆದರೆ ಈ ವಿಕಾರ ಬಹಳ ಕಡಿಮೆ. ಕಾರನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿ, ತೋಟದ ಅಂಚಿನಿಂದ ಚಿತ್ರ ತೆಗೆದೆವು. ಪ್ರತಿ ಚಿತ್ರದಲ್ಲೂ ಕಾರಿನ ಪಕ್ಕದಲ್ಲಿ ಒಂದು ಅಳತೆಕೋಲು.

ಅಳತೆ ಮುಗಿದ ಮೇಲೆ ಪ್ರಮಾಣದ ಪ್ರಶ್ನೆ. ನಾನು ಆರಿಸಿಕೊಂಡದ್ದು ಹನ್ನೆರಡರಲ್ಲಿ ಒಂದು. ಒಂದು ಅಡಿ ಇದ್ದದ್ದು ಒಂದು ಅಂಗುಲ. ಲೆಕ್ಕ ಬಾಯಲ್ಲೇ ಬರುತ್ತದೆ. ಹೆರಾಲ್ಡಿನ ಉದ್ದ ಹನ್ನೆರಡು ಅಡಿ ಒಂಬತ್ತು ಅಂಗುಲ. ಮಾದರಿ ಹನ್ನೆರಡೂ ಮುಕ್ಕಾಲು ಅಂಗುಲ. ಅಗಲ ಐದು ಅಡಿ. ಇಲ್ಲಿ ಐದು ಅಂಗುಲ.

ಅಳತೆಯ ಮಾತು ಬಂದಾಗ ನಮ್ಮ ಇಕ್ಕೇರಿಯನ್ನು ನೆನೆಯದಿರಲು ಸಾಧ್ಯವಿಲ್ಲ. ಅಲ್ಲಿನ ಅಘೋರೇಶ್ವರ ದೇವಾಲಯದ ಎರಡು ಕಂಬಗಳ ನಡುವಣ ಅಂತರವನ್ನೇ ಕೆಳದಿ ಅರಸರ ಕಾಲದಲ್ಲಿ ತೋಟದ ಭೂಮಿಯ ಅಳತೆಗೆ ಆಧಾರವಾಗಿ ಇಟ್ಟುಕೊಂಡಿದ್ದರು. ಹದಿನೆಂಟೂವರೆ ಅಡಿಯ ಆ ಅಳತೆಗೆ ದಾಯ ಎಂದು ಹೆಸರು. ಬಾಯಿಮಾತಿಗೆ ಜಗಳ ಬರಬಹುದು, ಕಲ್ಲುಕಂಬ ಸರಿದಾಡುವುದಿಲ್ಲ. ಅಳತೆಯನ್ನು ಯಾರು ಬೇಕಾದರೂ ಹೋಗಿ ಪರೀಕ್ಷಿಸುವಂಥ ವಸ್ತುವಿನಲ್ಲಿ ಉಳಿಸಬೇಕೆಂಬ ತಿಳಿವಳಿಕೆ ನಮ್ಮ ನೆಲದಲ್ಲಿ ಹಿಂದಿನಿಂದಲೂ ಇತ್ತು.

ಉದ್ದ ಕುಗ್ಗಿಸುವುದು ಸುಲಭ. ಆದರೆ ಎಲ್ಲವೂ ಒಂದೇ ಸಮನೆ ಕುಗ್ಗುವುದಿಲ್ಲ. ಉದ್ದ 12 ಪಟ್ಟು ಕಡಿಮೆಯಾದರೆ ಮೈಯ ವಿಸ್ತಾರ 144 ಪಟ್ಟು ಕಡಿಮೆಯಾಗುತ್ತದೆ, ಗಾತ್ರ 1,728 ಪಟ್ಟು. ಸುಮಾರು 800 ಕಿಲೋ ತೂಗುವ ಹೆರಾಲ್ಡನ್ನು ಅದೇ ಲೋಹಗಳಲ್ಲಿ ಈ ಪ್ರಮಾಣಕ್ಕೆ ಇಳಿಸಿದರೆ ಅರ್ಧ ಕಿಲೋ ಕೂಡ ತೂಗದು. ಕಾರಿನ ತಗಡು ಒಂದು ಮಿಲಿಮೀಟರ್ ದಪ್ಪ ಎಂದು ಇಟ್ಟುಕೊಳ್ಳಿ. ಮಾದರಿಯಲ್ಲಿ ಅದು ಬರೆಯುವ ಕಾಗದಕ್ಕಿಂತಲೂ ತೆಳ್ಳಗಿರಬೇಕಾಗುತ್ತದೆ. ಬಣ್ಣದ ಪದರವನ್ನು ಹನ್ನೆರಡರಿಂದ ಭಾಗಿಸಲು ಯಾರಿಂದಲೂ ಆಗದು. ಮರದ ಎಳೆಯಂತೂ ನಿಮ್ಮ ಪ್ರಮಾಣವನ್ನು ಕೇಳುವುದೇ ಇಲ್ಲ. ಆದ್ದರಿಂದ ಯಾವುದನ್ನು ಲೆಕ್ಕದಂತೆ ಮಾಡಬೇಕು, ಯಾವುದನ್ನು ಕಣ್ಣಿಗೆ ಸರಿ ಕಾಣುವಂತೆ ಮಾಡಬೇಕು ಎಂಬ ವಿವೇಚನೆ ಹೆಜ್ಜೆಹೆಜ್ಜೆಗೂ ಬೇಕು.

ಮೈ ಕೆತ್ತಲು ನಾನು ಸಾಗರದ ಒಬ್ಬ ಗುಡಿಗಾರ ಕಲಾವಿದರ ನೆರವು ಪಡೆದೆ. ಸಾಗರ, ಸೊರಬಗಳ ಗುಡಿಗಾರರ ಕೆತ್ತನೆಯ ಹೆಸರನ್ನು ಕೇಳದವರಿಲ್ಲ. ಬೆರಳ ಗಾತ್ರದ ಗಂಧದ ತುಂಡಿನಲ್ಲಿ ಬಳ್ಳಿ, ಹೂವು, ಹಕ್ಕಿ ಮೂಡಿಸುವ ಕೈಗಳು ಅವು. ಆದರೆ ಈ ಕೆಲಸಕ್ಕೆ ಶ್ರೀಗಂಧ ಬೇಡವೆಂದು ಅವರೇ ಹೇಳಿದರು. ಎಣ್ಣೆಯ ಅಂಶವಿರುವ ಮರ ಬಣ್ಣವನ್ನು ಸರಿಯಾಗಿ ಹಿಡಿಯದು. ಮೇಲಾಗಿ ಗಂಧಕ್ಕೆ ಬಣ್ಣ ಬಳಿಯುವುದಕ್ಕೆ ಮನಸ್ಸಾದರೂ ಹೇಗೆ ಬಂದೀತು? ಸಾಗುವಾನಿಯ ರಂಧ್ರಗಳು ಬಣ್ಣದ ಮೇಲೂ ಕಾಣುತ್ತವೆ. ಕೊನೆಗೆ ಆರಿಸಿದ್ದು ಚೆನ್ನಾಗಿ ಒಣಗಿದ ಶಿವಣೆ. ಹಗುರ, ಮೆದು, ಸೊಟ್ಟಗಾಗುವುದು ಕಡಿಮೆ.

ಆದರೂ ನಮ್ಮದು ಮಲೆನಾಡು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ತೀರ ಅಲ್ಪ. ಎಳೆಗೆ ಅಡ್ಡಲಾಗಿ ಹೆಚ್ಚು. ಆದ್ದರಿಂದ ಮರದ ಎಳೆ ಕಾರಿನ ಉದ್ದಕ್ಕೆ ಬರುವಂತೆ ಇಟ್ಟೆವು. ಆಗ ಗಾಲಿಗಳ ಅಂತರ ಕೆಡುವುದಿಲ್ಲ. ಬಾಗಿಲು ಮತ್ತು ಬಾನೆಟ್ಟುಗಳನ್ನು ಮಾತ್ರ ತೆಳು ಹಿತ್ತಾಳೆ ತಗಡಿನಲ್ಲಿ ಮಾಡಿದೆವು. ಬಾಗಿಲಿನ ಸಂದು ಮಾದರಿಯಲ್ಲಿ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಮರದ ಬಾಗಿಲಾಗಿದ್ದರೆ ಆಷಾಢದಲ್ಲಿ ಅದು ಬಿಗಿದುಕೊಂಡು ತೆರೆಯುತ್ತಲೇ ಇರಲಿಲ್ಲ. ಮರಕ್ಕೆ ಹೊರಗಡೆಯಷ್ಟೇ ಒಳಗಡೆಯೂ ಮೆರುಗೆಣ್ಣೆ ಬಳಿದೆವು. ಒಂದೇ ಬದಿ ಬಳಿದರೆ ಇನ್ನೊಂದು ಬದಿಯಿಂದ ತೇವ ಹೀರಿ ಮರ ಬಾಗುತ್ತದೆ.

ಹೆರಾಲ್ಡಿನ ಬಾನೆಟ್ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೂತಿ, ದೀಪ, ಮಡ್‌ಗಾರ್ಡು ಎಲ್ಲ ಒಟ್ಟಿಗೆ ಏಳುತ್ತವೆ. ಎಂಜಿನು ಪೂರ್ತಿ ಬಯಲಾಗುತ್ತದೆ, ಮಾದರಿ ಮಾಡುವವರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ನಾಲ್ಕು ಸಿಲಿಂಡರಿನ 948 ಸಿ.ಸಿ. ಎಂಜಿನು ಅದು. ನಾಲ್ಕು ಪ್ಲಗ್ಗುಗಳಿಗೆ ನಾಲ್ಕು ತಂತಿ, ಕಾಯಿಲಿನಿಂದ ಬರುವುದು ಒಂದು, ಒಟ್ಟು ಐದು. ಅವಕ್ಕೆ ಪಂಪಿನ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಅರ್ಧ ಮಿಲಿಮೀಟರಿನ ತಾಮ್ರದ ತಂತಿ ಸರಿಹೋಯಿತು. ಏಳು ಅಂಗುಲದ ಮುಂದೀಪದ ಗಾಜು ಇಲ್ಲಿ ಅರ್ಧ ಅಂಗುಲಕ್ಕಿಂತ ತುಸು ದೊಡ್ಡದು. ಮಾತ್ರೆಯ ಪಟ್ಟಿಯ ಪಾರದರ್ಶಕ ಗುಳ್ಳೆ ಸಾಕಾಯಿತು. ಹೊಳೆಯುವ ಪಟ್ಟಿಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ. ಬೆಳ್ಳಿಬಣ್ಣ ಎಷ್ಟೇ ಒಳ್ಳೆಯದಾದರೂ ಲೋಹದ ಹೊಳಪಿಗೆ ಸಮವಲ್ಲ.

ಕೆತ್ತನೆ ಮುಗಿಯುತ್ತ ಬಂದಾಗ ಒಂದು ಚರ್ಚೆ ಎದ್ದಿತು. ಬಲಬದಿಯ ಬಾಗಿಲಿನ, ಅಂದರೆ ಚಾಲಕರ ಕಡೆಯ ಬಾಗಿಲಿನ ಮೇಲಂಚು ಎಡಬದಿಗಿಂತ ಮುಕ್ಕಾಲು ಅಂಗುಲ ತಗ್ಗಾಗಿತ್ತು. ಮಾದರಿಯಲ್ಲಿ ಅದು ಅರ್ಧ ನೂಲು. ನಮ್ಮ ಬಡಗಿಗಳ ಲೆಕ್ಕದಲ್ಲಿ ಅಂಗುಲಕ್ಕೆ ಎಂಟು ನೂಲು. ಗುಡಿಗಾರರು ಅದರ ಮೇಲೆ ಬೆರಳಾಡಿಸಿ ಹೇಳಿದರು:

"ಇಲ್ಲೊಂದು ಅರ್ಧ ನೂಲು ತಗ್ಗು ಬಂದದೆ ಮಾರಾಯ್ರೆ. ಟಿಂಕರಿನವರು ಆಚೀಚೆ ಮಾಡಿದ್ದು. ನಾನು ಎಡಗಡೆದನ್ನೂ ಇದನ್ನೂ ಒಂದೇ ಸಮ ಮಾಡಿಬಿಡ್ತೇನೆ."

"ಬೇಡ, ಅಳತೆಯಲ್ಲಿ ಹೇಗಿದೆಯೋ ಹಾಗೇ ಇರಲಿ" ಎಂದೆ.

"ತಪ್ಪನ್ನೂ ಕೆತ್ತಬೇಕಾ?"

ಅವರ ಪ್ರಶ್ನೆ ನ್ಯಾಯವಾದದ್ದೇ. ಅವರು ಕಲಿತ ಶಿಲ್ಪಶಾಸ್ತ್ರದಲ್ಲಿ ಅಡಿ, ಮೀಟರುಗಳ ಹಂಗಿಲ್ಲ. ಮೂರ್ತಿಯ ಮುಖದ ಉದ್ದವೇ ಒಂದು ತಾಳ. ಹನ್ನೆರಡು ಅಂಗುಲಕ್ಕೆ ಒಂದು ತಾಳ. ನವತಾಳದ ಮೂರ್ತಿಯೆಂದರೆ ಮುಖದ ಒಂಬತ್ತು ಪಟ್ಟು ಎತ್ತರ. ಮೂರ್ತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಪ್ರಮಾಣ ಒಂದೇ. ಅಲ್ಲಿ ಊನಕ್ಕೆ ಎಡೆಯಿಲ್ಲ. ಊನವಿರುವ ವಿಗ್ರಹ ಪೂಜೆಗೆ ಸಲ್ಲುವುದಿಲ್ಲ. ಶಿಲ್ಪಿ ಕೆತ್ತುವುದು ಹೇಗಿರಬೇಕೋ ಅದನ್ನು. ಮಾದರಿ ಮಾಡುವವರು ಕೆತ್ತುವುದು ಹೇಗಿತ್ತೋ ಅದನ್ನು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸರಿ, ನಿಮ್ಮ ಕಾರು" ಎಂದು ಉಳಿ ಕೆಳಗಿಟ್ಟರು.

ಆ ತಗ್ಗು ಏಕೆ ಇತ್ತೆಂದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಬಣ್ಣಕ್ಕೆ ಮುಂಚೆ ಮಾದರಿಯನ್ನು ಹಿರಿಯರ ಮನೆಗೆ ಒಯ್ದು ಅವರ ಪತ್ನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಸುತ್ತಲೂ ತಿರುಗಿಸಿ ನೋಡಿದರು. ಬೆರಳು ಆ ಬಾಗಿಲಿನ ಮೇಲೇ ನಿಂತಿತು.

"ಇದು ಅವರು ಮೊಣಕೈ ಇಡ್ತಿದ್ದ ಜಾಗ ತಮಾ. ಎತ್ತರ ಇದ್ರೆ ಭುಜ ನೋಯ್ತು ಹೇಳಿ ಬೇಕು ಅಂತ್ಲೇ ತಗ್ಗಿಸ್ಕಂಡಿದ್ದು."

ಅಲ್ಲಿಯವರೆಗೆ ಅದು ಕೈತಪ್ಪಿ ಆದ ಏರುಪೇರು ಎಂಬಂತೆ ಕಾಣುತ್ತಿತ್ತು. ಆ ಕ್ಷಣದಿಂದ ಅದು ಒಬ್ಬ ಮನುಷ್ಯರು ಕುಳಿತುಕೊಳ್ಳುತ್ತಿದ್ದ ಭಂಗಿಯಾಯಿತು. ಇಡೀ ಕಾರಿನಲ್ಲಿ ಅವರದೇ ಎನ್ನುವಂಥ ಗುರುತು ಇದ್ದದ್ದು ಆ ಅರ್ಧ ನೂಲಿನಲ್ಲಿ. ಅದನ್ನು ಸರಿಮಾಡಿದ್ದರೆ ಮಾದರಿ ಇನ್ನಷ್ಟು ಅಂದವಾಗಿರುತ್ತಿತ್ತು. ಆದರೆ ಅದು ಯಾರ ಕಾರೂ ಆಗಿರುತ್ತಿರಲಿಲ್ಲ. ಮಾದರಿ ಮಾಡುವವರಿಗೆ ನಾನು ಹೇಳುವ ನಿಯಮ ಇಷ್ಟೆ: ಅಳತೆ ಮೊದಲು, ಅರ್ಥ ಆಮೇಲೆ. ಅರ್ಥ ತಿಳಿಯಲಿಲ್ಲವೆಂದು ಅಳತೆಯನ್ನು ತಿದ್ದಬೇಡಿ.

ಬಣ್ಣದ ಬಗ್ಗೆ ಒಂದು ಮಾತು. ಮೂಲ ಕಾರಿನ ಬಣ್ಣವನ್ನೇ ತಂದು ಬಳಿದರೆ ಮಾದರಿ ಮೂಲಕ್ಕಿಂತ ಕಪ್ಪಾಗಿ ಕಾಣುತ್ತದೆ. ದೊಡ್ಡ ಕಾರನ್ನು ನಾವು ದೂರದಿಂದ, ನಡುವೆ ಗಾಳಿ ಬೆಳಕುಗಳನ್ನಿಟ್ಟುಕೊಂಡು ನೋಡುತ್ತೇವೆ; ಮಾದರಿಯನ್ನು ಗೇಣು ದೂರದಿಂದ. ಆದ್ದರಿಂದ ಅನುಭವವುಳ್ಳವರು ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸುತ್ತಾರೆ. ಒಂದೇ ಸಲ ದಪ್ಪಗೆ ಬಳಿದರೆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಗಾಳಿಯ ಪಿಚಕಾರಿಯಿಂದ ತೆಳ್ಳಗೆ ಐದಾರು ಸಲ, ಪ್ರತಿ ಸಲವೂ ಒಣಗಿದ ಮೇಲೆ ನೀರುಕಾಗದದಿಂದ ಉಜ್ಜಿ ಬಳಿಯಬೇಕು. ಮಳೆ ಹಿಡಿದಾಗ ಬಣ್ಣದ ಕೆಲಸ ಬೇಡ. ತೇವದ ಗಾಳಿಯಲ್ಲಿ ಮೆರುಗಿನ ಮೇಲೆ ಮಂಜು ಕಟ್ಟಿದಂತಾಗುತ್ತದೆ.

ಕೊನೆಗೆ, ಮಾದರಿಯನ್ನು ನೋಡುವ ಬಗೆ. ಮೇಲಿನಿಂದ ನೋಡಿದರೆ ಯಾವ ಮಾದರಿಯೂ ಆಟಿಕೆಯೇ. ಐದೂಕಾಲು ಅಡಿ ಎತ್ತರದಲ್ಲಿ ನಮ್ಮ ಕಣ್ಣಿದ್ದರೆ, ಈ ಪ್ರಮಾಣದಲ್ಲಿ ಅದು ಮೇಜಿನಿಂದ ಐದೂಕಾಲು ಅಂಗುಲ. ಕ್ಯಾಮರಾವನ್ನು ಅಲ್ಲಿಗೆ ಇಳಿಸಿ, ಮಸೂರದ ಬಾಯಿ ಕಿರಿದು ಮಾಡಿ, ಬೆಳಕು ಹೆಚ್ಚಿಸಿದರೆ ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಅದನ್ನು ಓಡಿಸಿ ತೋರಿಸಬೇಕೆಂದರೆ ಇನ್ನೊಂದು ತೊಡಕು. ಒಂದು ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು ಕಾಲು ಸೆಕೆಂಡು ಬೇಕು. ಒಂದು ಅಂಗುಲದಿಂದ ಬಿದ್ದರೆ ಅದರಲ್ಲಿ ಮೂರೂವರೆಯಲ್ಲೊಂದು ಪಾಲು ಕಾಲ ಸಾಕು. 12ರ ವರ್ಗಮೂಲ ಸುಮಾರು ಮೂರೂವರೆ. ಅಳತೆಯನ್ನು ನಾವು ಕುಗ್ಗಿಸಿದೆವು, ಭೂಮಿಯ ಸೆಳೆತವನ್ನು ಕುಗ್ಗಿಸಲಾಗಲಿಲ್ಲ. ಅದಕ್ಕೇ ಮಾದರಿ ಕಾರು ಹಳ್ಳ ದಾಟುವಾಗ ಕಪ್ಪೆಯಂತೆ ಕುಪ್ಪಳಿಸುತ್ತದೆ. ಸೆಕೆಂಡಿಗೆ 25 ಚಿತ್ರಗಳ ಬದಲು ಸುಮಾರು 87 ಚಿತ್ರ ತೆಗೆದು, ಅದನ್ನು 25ರ ವೇಗದಲ್ಲಿ ತೋರಿಸಿದರೆ ಕುಪ್ಪಳಿಸುವಿಕೆ ಹೋಗಿ ಭಾರವಾದ ಕಾರಿನ ಓಲಾಟ ಬರುತ್ತದೆ. ಈಗ ತೆರೆಯ ಮೇಲೆ ತಾವು ನೋಡುತ್ತಿರುವುದು ಹಾಗೆ ತೆಗೆದ ಚಿತ್ರ.

ನಿಗದಿಯಾದ ದಿನ ಮೂಲ ಕಾರು ಗುಜರಿಗೆ ಹೋಯಿತು. ಅದರ ಅಳತೆಗಳ ಒಂದು ಪುಸ್ತಕ, ದಬ್ಬೆಯಿಂದ ತೆಗೆದ ರಟ್ಟಿನ ಅಚ್ಚುಗಳು, ಛಾಯಾಚಿತ್ರಗಳು ಮತ್ತು ಈ ಮಾದರಿ ಉಳಿದಿವೆ. ಈ ಕಾರ್ಯಕ್ರಮದ ನಂತರ ಮಾದರಿ ಆ ಮನೆಗೇ ಹೋಗಲಿದೆ.

ತಮ್ಮ ಊರಿನಲ್ಲೂ ಹೀಗೆ ಯಾರದೋ ಕೈ ಬದಲಾಯಿಸಿದ ಜೀಪು, ವ್ಯಾನು, ಎತ್ತಿನ ಗಾಡಿ ಕೊಟ್ಟಿಗೆಯಲ್ಲಿ ನಿಂತಿರಬಹುದು. ಎಲ್ಲರೂ ಮಾದರಿ ಮಾಡಬೇಕೆಂದಿಲ್ಲ. ಒಂದು ಟೇಪು, ಒಂದು ತೂಗುಗುಂಡು, ಒಂದು ನೋಟ್‌ಪುಸ್ತಕ ಹಿಡಿದು ಒಂದು ಭಾನುವಾರ ಕಳೆಯಿರಿ. ಎಡ, ಬಲ ಎರಡೂ ಬದಿ ಅಳೆಯಿರಿ. ವ್ಯತ್ಯಾಸ ಕಂಡರೆ ಅದನ್ನು ಬರೆದಿಟ್ಟುಕೊಂಡು, ಮನೆಯ ಹಿರಿಯರನ್ನು ಕೇಳಿರಿ. ಹೇಳಬಲ್ಲವರು ಇರುವಾಗಲೇ ಕೇಳಿರಿ.